ಬೋರ್ಡಿನ ಮೇಲಿನ ಭಾವ

ಇಡೀ ಬೀದಿಗೆ ಅವನು ಭಾವ. ಬಸ್ ಕಂಡಕ್ಟರನಿಗೂ ಭಾವ, ಹಾಲು ಹಾಕುವವಳಿಗೂ ಭಾವ, ಅವನಿಗಿಂತ ಹತ್ತು ವರ್ಷ ದೊಡ್ಡವರಾದ ರಿಟೈರ್ಡ್ ಮೇಷ್ಟ್ರಿಗೂ ಭಾವ. ಹೆತ್ತವರು ಇಟ್ಟ ಹೆಸರು ಕೂಗಿ ಕರೆದಿದ್ದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ. ಈ ಹೆಸರು ಬಂದದ್ದು ಹೆಂಡತಿಯ ತಮ್ಮನಿಂದ. ಮದುವೆಯಾದ ವರ್ಷವೇ ಆ ತಮ್ಮ ಕೆಲಸ ಕಲಿಯುತ್ತೇನೆಂದು ಭಾವನ ಕ್ಷೌರದಂಗಡಿಗೆ ಬಂದು ಸೇರಿಕೊಂಡ. ಬೆಳಗ್ಗೆಯಿಂದ ಸಂಜೆಯವರೆಗೆ 'ಭಾವ, ಕತ್ತರಿ ಎಲ್ಲಿ', 'ಭಾವ, ಇಷ್ಟು ನೊರೆ ಸಾಕಾ' ಎಂದು ಕೂಗಿದ್ದೇ ಕೂಗಿದ್ದು. ಕೇಳಿ ಕೇಳಿ ಗಿರಾಕಿಗಳ ಬಾಯಿಗೂ ಅದೇ ಹತ್ತಿತು. ತಮ್ಮನಿಗೆ ಮೈದುನ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ಕೆಲಸ ಕಲಿಸಿದ್ದು ಭಾವನೇ. ಉಬ್ಬಿಸಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿ ಎಳೆಯುವುದನ್ನು ತಿಂಗಳುಗಟ್ಟಲೆ ಮಾಡಿಸಿದ. ಬಲೂನು ಒಡೆದಾಗಲೆಲ್ಲ 'ಹೋಯ್ತು, ಒಬ್ಬ ಗಿರಾಕಿ ಕಮ್ಮಿ ಆದ' ಎಂದು ನಗುತ್ತಿದ್ದ. ಕೈ ಕುದುರಿದ ಮೇಲೆ ಎರಡನೆಯ ಕುರ್ಚಿ ಹಾಕಿಸಿ ಮೈದುನನಿಗೆ ಬಿಟ್ಟುಕೊಟ್ಟ. ಯಾವ ಬಣ್ಣದ ರೆಕ್ಸಿನ್ ಬೇಕೋ ಎಂದು ಕೇಳಿದರೆ, ಅನ್ನ ಹಾಕಿದವನ ಮುಖ ನೋಡಿಕೊಂಡೇ ಆ ಪುಣ್ಯಾತ್ಮ 'ಕೆಂಪು' ಅಂದ.

ಊರಿನಲ್ಲಿ ಎರಡು ಫುಟ್‌ಬಾಲ್ ಟೀಮು, ಒಂದು ನೀಲಿ, ಒಂದು ಕೆಂಪು. ಭಾವ ಹುಟ್ಟಾ ನೀಲಿ. ಅವನ ಕುರ್ಚಿ ನೀಲಿ, ಟವಲು ನೀಲಿ, ಹಲ್ಲುಜ್ಜುವ ಬ್ರಷ್ಷೂ ನೀಲಿ. ಮೈದುನನ ಕೆಂಪು ಕುರ್ಚಿ ಪಕ್ಕದಲ್ಲಿ ಬಂದು ಕೂತ ದಿನದಿಂದ ಶುರುವಾಯಿತು ನೋಡಿ ಇಬ್ಬರ ಬಾಯಿ. ಒಬ್ಬ ಒಂದು ಅಂದರೆ ಇನ್ನೊಬ್ಬ ಎರಡು ಅನ್ನುತ್ತಿದ್ದ, ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೇ, ಕೈಯಲ್ಲಿ ಕತ್ತರಿ ಆಡುತ್ತಿರುವಾಗಲೇ. ನಿಜ ಹೇಳಬೇಕೆಂದರೆ ಆ ಅಂಗಡಿಯ ಕ್ಷೌರ ಅಷ್ಟಕ್ಕಷ್ಟೇ. ಇದಕ್ಕಿಂತ ನೀಟಾಗಿ ಕತ್ತರಿಸುವವರು ಅದೇ ಬೀದಿಯಲ್ಲಿದ್ದರು. ಜನ ಬರುತ್ತಿದ್ದುದು ಅವರಿಬ್ಬರ ಮಾತಿಗೆ. ಕೂದಲು ಬೆಳೆಯದಿದ್ದರೂ ಬಂದು ಬೆಂಚಿನ ಮೇಲೆ ಕೂರುವ ಮಂದಿ ಇದ್ದರು.

ಭಾವನಿಗೂ ಇದು ಚೆನ್ನಾಗಿ ಗೊತ್ತಿತ್ತು. ವಯಸ್ಸಾಗಿತ್ತು, ಮಂಡಿ ಕೈಕೊಟ್ಟಿತ್ತು, ಒಂದು ತಲೆ ಮುಗಿಸುವಷ್ಟರಲ್ಲಿ ಎರಡು ಸಲ ಸ್ಟೂಲಿನ ಮೇಲೆ ಕೂರಬೇಕಾಗುತ್ತಿತ್ತು. ಅಂಗಡಿ ನಡೆಯುತ್ತಿದ್ದುದು ಎರಡು ಬಾಯಿಗಳಿಂದ. ಅದರಲ್ಲಿ ಒಂದು ಹೋದರೆ ಕದ ಹಾಕಬೇಕಾದ್ದೇ, ಗೋಡೆಯ ಜೊತೆ ಎಷ್ಟಂತ ಜಗಳವಾಡುವುದು? ಹಾಗಂತ ಅವನೇನೂ ಹೆದರಿಕೊಂಡಿರಲಿಲ್ಲ. ಮೈದುನ ಎಲ್ಲಿಗೆ ಹೋಗುತ್ತಾನೆ, ನಮ್ಮವನು ತಾನೆ ಎಂದುಕೊಂಡಿದ್ದ.

ಆ ವರ್ಷ ಎರಡೂ ಟೀಮು ಸಮಸಮಕ್ಕೆ ಬಂದು ಪ್ಲೇಆಫ್‌ಗೆ ಬಿತ್ತು. ಗೆದ್ದವರು ಮೇಲಿನ ಲೀಗಿಗೆ, ಸೋತವರು ಇದ್ದಲ್ಲೇ. ವಾರವಿಡೀ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈದುನನಿಗಂತೂ ಇತ್ತೀಚೆಗೆ ಹೊಸ ಹುಚ್ಚು ಹತ್ತಿತ್ತು. ಬಾಗಿಲು ಹಾಕುವ ಹೊತ್ತಿಗೆ ಕೂದಲು ಗುಡಿಸುತ್ತಾ, 'ಭಾವ, ಆ ಗೋಲು ಕಾಯೋ ಗೋಲಿಯ ಮಾತು ಹೇಳ್ತಿದ್ರಲ್ಲ, ಇನ್ನೊಂದ್ಸಲ ಹೇಳಿ', 'ಆ ರೆಫ್ರಿ ಕನ್ನಡಕದ್ದು ಹೇಗೆ ಶುರು ಮಾಡ್ತೀರಿ' ಎಂದು ಹಳೆಯದನ್ನೆಲ್ಲ ಕೆದಕುತ್ತಿದ್ದ. ಭಾವ ಉಬ್ಬಿಹೋಗುತ್ತಿದ್ದ. ಎಷ್ಟಾದರೂ ಗುರು ಗುರುವೇ ಎಂದುಕೊಂಡು, ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಕತ್ತರಿ ಟಕ್ ಅನ್ನಿಸಬೇಕು ಎಂಬುದನ್ನೂ ಸೇರಿಸಿ ಹೇಳುತ್ತಿದ್ದ.

ಪ್ಲೇಆಫ್ ದಿನ ಬೆಳಗ್ಗೆ ಆ ಅಂಗಡಿಯದೇ ಒಂದು ಪದ್ಧತಿ ನಡೆಯಬೇಕಿತ್ತು. ದೊಡ್ಡ ಮ್ಯಾಚಿದ್ದ ದಿನ ಭಾವ ಮೈದುನನಿಗೆ, ಮೈದುನ ಭಾವನಿಗೆ ಗಡ್ಡ ಬೋಳಿಸಬೇಕು, ಎಲ್ಲರ ಎದುರಿಗೇ. ಕತ್ತಿ ಹಿಡಿದವನು ಎಷ್ಟು ಬೇಕಾದರೂ ಬೈಯಬಹುದು. ಕುರ್ಚಿಯಲ್ಲಿ ಕೂತವನು ತುಟಿಪಿಟಕ್ಕೆನ್ನುವಂತಿಲ್ಲ. ಬಾಯಿ ಬಿಟ್ಟರೆ ಗದ್ದ ಕುಯ್ದುಹೋಗುತ್ತದೆ. ತನ್ನ ಸರದಿ ಬರುವವರೆಗೂ ಅಷ್ಟನ್ನೂ ನುಂಗಿಕೊಂಡು ಕೂರಬೇಕು. ಇದನ್ನು ನೋಡಲೆಂದೇ ಕಂಡಕ್ಟರ್ ಅವತ್ತು ರಜೆ ಹಾಕಿ ಬಂದಿದ್ದ.

ಮೊದಲು ಮೈದುನ ಕೂತ. ಭಾವ ಅವನ ಕೊರಳಿಗೆ ಬಟ್ಟೆ ಕಟ್ಟಿ, ಕಿವಿಯವರೆಗೂ ನೊರೆ ಏರಿಸಿ, ಶುರು ಹಚ್ಚಿಕೊಂಡ.

"ನಿಮ್ಮ ಗೋಲಿ ಇದಾನಲ್ಲ, ಅವನ ಕೈಗೂ ಯಾರೋ ಹೀಗೇ ಸೋಪು ಹಚ್ಚಿ ಕಳಿಸ್ತಾರೆ ಕಣಯ್ಯ. ಬಾಲ್ ಬಂದ್ರೆ ಜಾರುತ್ತೆ. ಸಂಬಳ ಬಂದ್ರೆ ಮಾತ್ರ ಗಟ್ಟಿಯಾಗಿ ಹಿಡ್ಕೋತಾನೆ."

ಬೆಂಚು ಗೊಳ್ಳೆಂದಿತು. ಭಾವ ಕತ್ತಿಯನ್ನು ಕೆನ್ನೆಯಿಂದ ಇಳಿಸುತ್ತಾ ಮುಂದುವರಿಸಿದ.

"ಇನ್ನು ನಿಮ್ಮ ಡಿಫೆನ್ಸು. ಏನು ಮರ್ಯಾದೆ, ಏನು ಮರ್ಯಾದೆ. ನಮ್ಮವರು ಬಾಲ್ ತಗೊಂಡು ಹೋದ್ರೆ, ಬನ್ನಿ ಬನ್ನಿ, ಒಳಗೆ ಬನ್ನಿ, ನೀರು ಕುಡೀತೀರಾ ಅಂತ ಕೇಳ್ತಾರೆ."

"ಭಾವ, ಇವನು ಎದ್ದ ಮೇಲೆ ನಿಮಗಿದೆ," ಅಂದ ಕಂಡಕ್ಟರ್. ಅವನು ಕೆಂಪು ಪಕ್ಷ.

"ಇವನೇನು ಹೇಳ್ತಾನೆ? ನನ್ನ ತಲೆ ಬಗ್ಗೆ ಹೇಳ್ತಾನೆ. ಮುಂದಿನ ಸಾಲು ಪೂರ್ತಿ ಖಾಲಿ, ಹಿಂದೆ ನಾಲ್ಕು ಜನ ನಿಂತಿದಾರೆ, ನಿಮ್ಮ ಟೀಮೂ ಹಾಗೇ ಅಂತಾನೆ. ಹೋದ ವರ್ಷಾನೂ ಅದೇ ಹೇಳಿದ್ದ. ಪಾಪ, ಸರಕು ಮುಗಿದಿದೆ."

ಭಾವ ತನ್ನ ಬೋಳುತಲೆಯನ್ನು ತಾನೇ ಸವರಿಕೊಂಡ. ಮೈದುನನ ಕಣ್ಣು ಕನ್ನಡಿಯಲ್ಲಿ ನಗುತ್ತಿತ್ತು. ಭಾವ ಅವನ ಮುಖವನ್ನು ಮೇಲಕ್ಕೆತ್ತಿ, ಕತ್ತಿಯನ್ನು ಗಂಟಲಿನ ಮೇಲಿಟ್ಟ. ಅಷ್ಟರಲ್ಲಿ ಒಳಗೆ ಬಂದವನು ಬೋರ್ಡು ಬರೆಯುವ ಪೇಂಟರು.

"ಇಬ್ಬರೂ ಒಟ್ಟಿಗೇ ಸಿಕ್ಕಿದ್ರಿ, ಒಳ್ಳೇದಾಯ್ತು," ಎಂದು ಬಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡ. "ಸ್ಟೇಡಿಯಂ ರಸ್ತೆ ಹೊಸ ಅಂಗಡಿ ಬೋರ್ಡು ಮುಗೀತಾ ಬಂತು. ದೊಡ್ಡಕ್ಷರದಲ್ಲಿ 'ಭಾವ ಮೈದುನ' ಅಂತ ಬರೆದಿದ್ದೀನಿ, ಆ ಕಡೆ ಕೆಂಪು ಕುರ್ಚಿ, ಈ ಕಡೆ ನೀಲಿ ಕುರ್ಚಿ. ಮೈದುನನ ಮುಖ ಚೆನ್ನಾಗಿ ಬಂದಿದೆ. ಭಾವನ ಮುಖವೇ ನನಗೆ ಸಮಾಧಾನ ಇಲ್ಲ. ಮೈದುನ ಕೊಟ್ಟ ಫೋಟೋದಲ್ಲಿ ತಲೆ ತುಂಬ ಕೂದಲಿದೆ. ಇದು ಭಾವನ ಮದುವೆಗೆ ಮುಂಚಿನದಾ? ಹೀಗೇ ಬರೆದ್ರೆ ಜನ ಗುರುತು ಹಿಡೀತಾರಾ ಅಂತ ಕೇಳೋಣ ಅಂತ ಬಂದೆ."

ನಗು ಎದ್ದಿತು ನೋಡಿ, ಅಷ್ಟಿಷ್ಟಲ್ಲ. ಭಾವನ ಬೋಳುತಲೆಗೆ ಮೈದುನ ಹಾಕಿದ ಹೊಸ ಪಟ್ಟು ಇದು, ಬಾಯಿ ತೆರೆಯದೆಯೇ ಹೊಡೆದುಬಿಟ್ಟ ಎಂದೇ ಎಲ್ಲರೂ ತಿಳಿದರು. ಕಂಡಕ್ಟರ್ ಅಂತೂ ಬೆಂಚು ಗುದ್ದಿ ಗುದ್ದಿ ನಕ್ಕ. ಭಾವನೂ ಒಂದು ಗಳಿಗೆ ನಕ್ಕ. ಪೇಂಟರು ಜೇಬಿನಿಂದ ಫೋಟೋ ತೆಗೆದು ಅವನ ಕಣ್ಣೆದುರು ಹಿಡಿದ.

ಫೋಟೋದಲ್ಲಿದ್ದವನು ಯಾರೋ. ನೀಲಿ ಬನಿಯನ್, ನೀಲಿ ಕುರ್ಚಿ, ಕೈಯಲ್ಲಿ ಕತ್ತರಿ, ಮುಖದಲ್ಲಿ ಮೂವತ್ತೂ ದಾಟದ ನಗು. ಭಾವ ಈ ಜನ್ಮದಲ್ಲಿ ಅವನನ್ನು ಕಂಡಿರಲಿಲ್ಲ. ಅವನು ಫೋಟೋ ಬಿಟ್ಟು ಕನ್ನಡಿ ನೋಡಿದ. ಕನ್ನಡಿಯಲ್ಲಿ ಮೈದುನ ಕಣ್ಣು ಮುಚ್ಚಿಕೊಂಡಿದ್ದ. ಆಗ ಭಾವನಿಗೆ ಎಲ್ಲ ತಿಳಿಯಿತು, ಹೊಸ ಅಂಗಡಿ ಮೈದುನನದು, ಅಲ್ಲಿನ ಭಾವ ಈ ಫೋಟೋದವನು.

ಉಳಿದ ಗಡ್ಡವನ್ನು ಒಂದು ಗೀರೂ ಬೀಳದ ಹಾಗೆ ತೆಗೆದ. ಒದ್ದೆ ಟವಲಿನಿಂದ ಒರೆಸಿ, ಪಟಿಕದ ಕಲ್ಲು ಸವರಿದ. ಬೆಂಚಿನವರು 'ಏನು ಭಾವ, ಒಂದೇ ಏಟಿಗೆ ಮಲಗಿಬಿಟ್ರಾ' ಎಂದು ಕೆಣಕಿದರು. ಅವನು ಪೇಂಟರಿಗೆ, "ಫೋಟೋದಲ್ಲಿ ಇರೋ ಹಾಗೇ ಬರೀರಿ," ಎಂದಷ್ಟೇ ಹೇಳಿ ಮೈದುನನನ್ನು ಹಿಂದಿನ ಕೋಣೆಗೆ ಕರೆದ.

ಟವಲು ಕುದಿಸುವ ಆ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮೈದುನ ಬಾಗಿಲಿಗೆ ಒರಗಿದ.

"ಮ್ಯಾಚ್ ಮುಗಿದ ಮೇಲೆ ಹೇಳೋಣ ಅಂತಿದ್ದೆ ಭಾವ."

"ಯಾರವನು?"

"ಅಂಗಡಿ ಹಾಕಿಕೊಡ್ತಿರೋರೇ ಕರ್ಕೊಂಡು ಬಂದ್ರು. ವಯಸ್ಸಾದವರು ಬೇಡ ಅಂದ್ರು. ನಾನು ನಿಮ್ಮ ಹೆಸರು ಹೇಳಿದೆ, ದೇವರಾಣೆ ಹೇಳಿದೆ. ನಿಮ್ಮ ಮಂಡಿ ಬೇರೆ ಹೀಗೆ..."

"ನನ್ನ ಮಂಡಿ ವಿಷಯ ನನ್ನ ಮಂಡಿ ಹೇಳಲಿ. ಅವನು ನಮ್ಮ ನೀಲಿಯವನಾ?"

ಮೈದುನ ತಲೆ ತಗ್ಗಿಸಿದ. "ಅವನಿಗೆ ಫುಟ್‌ಬಾಲೇ ಗೊತ್ತಿಲ್ಲ. ಒಂದು ಮ್ಯಾಚೂ ನೋಡಿದವನಲ್ಲ. ಜನಕ್ಕೆ ಮಾತು ಬೇಕಲ್ಲ, ಅದಕ್ಕೆ ನಾನೇ ಹೇಳಿಕೊಡ್ತಿದ್ದೀನಿ."

"ಏನು ಹೇಳಿಕೊಡ್ತಿದ್ದೀಯ?"

"ನೀವು ಹೇಳೋದನ್ನೇ."

ಗೋಲಿಯ ಮಾತು, ರೆಫ್ರಿಯ ಕನ್ನಡಕ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕತ್ತರಿ ಟಕ್ ಅನ್ನಬೇಕು, ಎಲ್ಲ. ಬೇರೆ ಅಂಗಡಿ ಹಾಕಲಿ, ರೆಕ್ಕೆ ಬಲಿತವನು ಹಾರುತ್ತಾನೆ, ಅದನ್ನು ಹೇಗೋ ನುಂಗಬಹುದಿತ್ತು. ಆದರೆ ಹೆಸರನ್ನೂ ಹೊತ್ತುಕೊಂಡು ಹೋಗಿ, ಮಾತನ್ನೂ ಹೊತ್ತುಕೊಂಡು ಹೋಗಿ, ಗೋಲಿಗೂ ರೆಫ್ರಿಗೂ ವ್ಯತ್ಯಾಸ ತಿಳಿಯದ ಒಬ್ಬನಿಗೆ ತೊಡಿಸಿ ನೀಲಿ ಕುರ್ಚಿಯಲ್ಲಿ ಕೂರಿಸುತ್ತಾನಂತೆ. ನಂಬಿಸಿ ಬೆನ್ನಿಗೆ ಚೂರಿ ಹಾಕುವುದು ಅಂದರೆ ಇದಕ್ಕಿಂತ ಬೇರೆ ಏನಿದೆ?

"ಅವನನ್ನ ಏನಂತ ಕರೀತೀಯ?" ಎಂದು ಕೇಳಿದ.

ಮೈದುನ ಕುದಿಯುವ ಟವಲುಗಳ ಕಡೆ ತಿರುಗಿದ.

"ಕೇಳ್ತಾ ಇದೀನಲ್ಲ. ಏನಂತ ಕರೀತೀಯ?"

"ಬೋರ್ಡಲ್ಲಿ ಹಾಗೆ ಇದೆಯಲ್ಲ. ಹಾಗೇ ಕರೀಬೇಕು."

"ಅವನು ನಿನ್ನ ಯಾವ ಅಕ್ಕನ್ನ ಮದುವೆ ಆಗಿದಾನೆ?"

ಹೊರಗಿನಿಂದ ಕಂಡಕ್ಟರ್ ಕೂಗುತ್ತಿದ್ದ, ಕೆಂಪಿನ ಸರದಿ ಎಲ್ಲಿ, ಭಾವ ಹಿಂದಿನ ಬಾಗಿಲಿಂದ ಓಡಿಹೋದರಾ ಎಂದು. ಗಿರಾಕಿಗಳ ಮುಂದೆ ಮನೆಯ ಮಾನ ಹರಾಜು ಹಾಕುವ ಮನುಷ್ಯನಲ್ಲ ಭಾವ. ಹೊರಗೆ ಬಂದು ನೀಲಿ ಕುರ್ಚಿಯಲ್ಲಿ ಕೂತ. ಮೈದುನ ಬಟ್ಟೆ ಕಟ್ಟಿದ, ನೊರೆ ಹಚ್ಚಿದ, ಮುಂದಿನ ಸಾಲು ಹಿಂದಿನ ಸಾಲು ಎಂದು ಏನೋ ಅಂದ. ಬೆಂಚು ನಕ್ಕಿತು. ಇಷ್ಟು ವರ್ಷ ಆ ಕೈಗೆ ಗಂಟಲು ಒಪ್ಪಿಸಿ ಭಾವ ಅರ್ಧ ನಿದ್ದೆ ಹೋಗುತ್ತಿದ್ದ. ಅವತ್ತು ಕತ್ತಿ ಗದ್ದದ ಕೆಳಗೆ ಬಂತೋ ಇಲ್ಲವೋ, ಅವನ ಕೈ ತಾನಾಗಿಯೇ ಎದ್ದು ಮೈದುನನ ಮಣಿಕಟ್ಟು ಹಿಡಿದುಕೊಂಡಿತು.

"ಬೇಡ. ಬಿಡು," ಅಂದ ಮೆಲ್ಲಗೆ. "ನನ್ನಿಂದ ಆಗಲ್ಲ."

ಎದ್ದು, ನಲ್ಲಿ ಬಿಟ್ಟು, ನೊರೆಯನ್ನು ತಾನೇ ತೊಳೆದುಕೊಂಡ. ಬೆಂಚಿನಲ್ಲಿ ಯಾರೂ ನಗಲಿಲ್ಲ. ಮಂಡಿನೋವು ಎಂದು ಹೇಳಿ ಮನೆಗೆ ಹೋದ.

ಹೆಂಡತಿ ಅವನ ಮುಖ ನೋಡಿಯೇ ಕೇಳಿದಳು, ಅವನು ಹೇಳಿದ. ಅವಳು ತಮ್ಮನಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯುವುದು ಬೇಡ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗೆ ಒಂದು ಮಾತು ಹೇಳಲಿಲ್ಲ ನೋಡಿ," ಎಂದು ಕೂತಳು. ಅವಳೂ ಮೋಸ ಹೋಗಿದ್ದಳು.

ಸಂಜೆ ಟೀವಿಯಲ್ಲಿ ಮ್ಯಾಚು. ಇನ್ನೇನು ಮುಗಿಯಿತು ಅನ್ನುವಾಗ ನೀಲಿಯವನೊಬ್ಬ ದೂರದಿಂದ ಸುಮ್ಮನೆ ಒದ್ದ. ಕೆಂಪು ಗೋಲಿ ಹಿಡಿದ, ಹಿಡಿದ ಬಾಲು ಕೈಯಿಂದ ಜಾರಿ, ಅವನ ಕಾಲ ಸಂದಿಯಲ್ಲೇ ಉರುಳಿ ಒಳಗೆ ಹೋಯಿತು. ಬೀದಿಯಲ್ಲಿ ಪಟಾಕಿ ಸಿಡಿಯಿತು. ಬೆಳಗ್ಗೆ ಭಾವ ಆಡಿದ ಮಾತೇ ನಿಜವಾಗಿ ಬಂದಿತ್ತು. ಇಂಥ ಅದೃಷ್ಟ ಬಾಯಿದ್ದವನಿಗೆ ಆಯುಷ್ಯದಲ್ಲಿ ಒಂದು ಸಲ ಬರುತ್ತದೆ. ಏನು ಹೇಳಬೇಕು, ಹೇಗೆ ಶುರು ಮಾಡಬೇಕು, ಅಷ್ಟೂ ಆ ಕ್ಷಣವೇ ಅವನ ನಾಲಿಗೆಗೆ ಬಂದು ನಿಂತಿತು. ಅಷ್ಟು ಚೆಂದದ ಮಾತು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಫೋನು ಬಂತು. ಹೆಂಡತಿ ಎತ್ತಿ, ಸ್ವಲ್ಪ ಹೊತ್ತು ಕೇಳಿ, ಅವನ ಕಡೆ ಚಾಚಿದಳು.

"ಅವನೇ. ಅಳ್ತಾ ಇದಾನೆ. ಭಾವ ಏನಾದ್ರೂ ಬೈಯಲಿ, ಗೋಲಿಗೆ ಬೈಯಲಿ, ನನಗೆ ಬೈಯಲಿ, ಎಷ್ಟಾದ್ರೂ ಕೇಳಿಸ್ಕೋತೀನಿ ಅಂತಾನೆ."

ಭಾವ ಫೋನನ್ನು ಕಿವಿಗಿಟ್ಟುಕೊಂಡ. ಆ ಕಡೆಯಿಂದ 'ಭಾವ, ಹೇಳಿ ಭಾವ' ಎಂಬ ದನಿ ಕೇಳಿತು. ಮಾತು ಅವನ ತುಟಿಯವರೆಗೂ ಬಂದಿತ್ತು.

"ಹೇಳಿದ್ರೆ ಇದನ್ನೂ ಆ ಬೋರ್ಡಿನ ಭಾವನಿಗೆ ಹೇಳಿಕೊಡ್ತೀಯ ಅಲ್ವಾ?" ಅಂದ.

ಅವನು ಕಾದ. 'ಇಲ್ಲ ಭಾವ' ಎಂಬ ಒಂದು ಮಾತು ಬಾರದ್ದನ್ನು ಕಂಡು, ಫೋನನ್ನು ಹೆಂಡತಿಯ ಕೈಗೆ ವಾಪಸ್ಸು ಕೊಟ್ಟ.