ಮಡಚಬಾರದ ಬಲಗಾಲು

ಮಗಳ ಹೃದಯದ ತೂತು ಮುಚ್ಚಿತ್ತು. ಎದೆ ಕೊಯ್ಯಲಿಲ್ಲ, ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಅದರೊಳಗಿಂದಲೇ ಪುಟ್ಟ ಮುಚ್ಚಳ ಕೂರಿಸಿದ್ದರು. ವಿಜಯವಾಡದ ಆ ಆಸ್ಪತ್ರೆಯ ಡಾಕ್ಟರು ಎಲ್ಲ ಸರಿಹೋಯಿತು ಎಂದಾಗ ನನಗೆ ಹೋದ ಜೀವ ಅರ್ಧ ಬಂತು. ಇನ್ನರ್ಧ ಬರಲು ಸಂಜೆಯಾಗಬೇಕಿತ್ತು. ಅಲ್ಲಿಯವರೆಗೆ ಅವಳು ಬಲಗಾಲು ಮಡಚಬಾರದು, ಏಳಬಾರದು. ಎದ್ದರೆ ತೊಡೆಯಿಂದ ರಕ್ತ ಹರಿಯಬಹುದು. ಐದು ವರ್ಷದ ಹುಡುಗಿಗೆ, ಅದೂ ನನ್ನ ಮಗಳಿಗೆ, ಇದನ್ನು ಹೇಳುವುದೆಂದರೆ ಕೋತಿಗೆ ಸುಮ್ಮನೆ ಕೂರು ಎಂದ ಹಾಗೆ.

ಅವಳ ಅಪ್ಪ ನೌಕಾಪಡೆಯವರು. ಅವರ ಹಡಗು ಅಂದು ಬೆಳಿಗ್ಗೆಯಷ್ಟೇ ವಿಶಾಖಪಟ್ಟಣಕ್ಕೆ ಮರಳಿತ್ತು. ಸಮುದ್ರದಿಂದ ಅವರು ಅದೇ ಊರಿನ ಮಧುರವಾಡದ ನಮ್ಮ ಮನೆಗೆ ಬಂದಾಗಲೆಲ್ಲ ಇವಳು ಓಡಿಹೋಗಿ ಹೆಗಲೇರುತ್ತಿದ್ದಳು. ಈಗಲೂ ಹಾಗೇ ಜಿಗಿದರೆ ಎಂಬುದೇ ನನ್ನ ಭಯ. ವಿಜಯವಾಡದ ಹತ್ತಿರದ ಗನ್ನವರಂನಲ್ಲಿ ವಿಮಾನ ಇಳಿದು ಫೋನ್ ಮಾಡಿದವರಿಗೆ ಕಾರಿಡಾರಿನಲ್ಲಿ ನಿಂತು ಗದರಿಯೇಬಿಟ್ಟೆ.

"ಒಳಗ ಬರಬ್ಯಾಡ್ರಿ. ನಿಮ್ಮನ್ನ ಕಂಡ್ರ ಜಿಗೀತಾಳ. ದನಿನೂ ತಗೀಬ್ಯಾಡ್ರಿ."

"ಅಕಿ ಮಾರಿ ಅರ ನೋಡ್ಲೇನ?"

"ಸಂಜೀಕ."

ಬಂದರು. ಬಾಗಿಲ ಗಾಜಿನ ಅಂಚಿನಲ್ಲಿ ಅರ್ಧ ಮುಖ ಕಂಡಿತು. ನನಗೆ ಸಿಟ್ಟೇ ಬಂತು. ಕಣ್ಣಲ್ಲೇ ಹಿಂದೆ ಸರಿಯಲು ಹೇಳಿದೆ, ಸರಿದರು.

ಮಗಳು ಅತ್ತಳು, ನೀರು ಕೇಳಿದಳು, ಮೊಣಕಾಲು ಎತ್ತಲು ನೋಡಿದಳು. ನರ್ಸಮ್ಮ "ಕಾಲು ಕದಪಕು ತಲ್ಲೀ" ಎಂದು ತೆಲುಗಿನಲ್ಲಿ ರಮಿಸುತ್ತಿದ್ದರು. ಕಾಲು ಅಲುಗಿಸಬೇಡ ತಾಯಿ ಎಂದು. ಅವರು ಬ್ಯಾಂಡೇಜ್ ನೋಡಿದಾಗಲೆಲ್ಲ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಒಂದು ಸಲ ಬಿಳಿ ಬಟ್ಟೆಯ ಮೇಲೆ ಕೆಂಪು ಹರಡಿತು. ನರ್ಸಮ್ಮ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರು. ನಾನು ಮಗಳ ಮೊಣಕಾಲು ಅದುಮಿ ಹಿಡಿದೆ.

"ಅಪ್ಪ ಎಲ್ಲಿ? ಅಪ್ಪ ಬೇಕು," ಎಂದು ಮಗಳು ಚೀರಿದಳು.

"ಹಡಗಿನ್ಯಾಗ ಅದಾರವ್ವ. ಇನ್ನೂ ಬಂದಿಲ್ಲ," ಎಂದೆ.

ಅದು ಹೊರಗೆ ಕೇಳಿಸಿರಬೇಕು. ಬಾಗಿಲಾಚೆ ಗೋಡೆಗೆ ಯಾರೋ ಧೊಪ್ಪನೆ ಒರಗಿದ ಸದ್ದಾಯಿತು. ಅವರೇ ಎಂದು ಗೊತ್ತಾಯಿತು, ಆದರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ಸಂಜೆ ಡಾಕ್ಟರು ಬಂದು ನೋಡಿ, ಇನ್ನು ಕಾಲು ಆಡಿಸಬಹುದು ಎಂದರು. ನಾನೇ ಹೋಗಿ ಅವಳ ಅಪ್ಪನನ್ನು ಒಳಗೆ ಕರೆತಂದೆ. ಮಗಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ನಂಗ ನೋವಾದಾಗ ನೀ ಬರಲೇ ಇಲ್ಲ."

ಬಾಗಿಲಲ್ಲೇ ಇದ್ದೆ ಎಂದು ಅವರು ಹೇಳಬಹುದಿತ್ತು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಂಚದ ಪಕ್ಕ ಕುಳಿತು, ಅವಳ ತಲೆ ಸವರಿ, "ಹೌದವ್ವ, ತಪ್ಪಾತು. ಹಡಗು ತಡಾ ಮಾಡ್ತು," ಎಂದರು.