ಹೆಸರು ಹಿಡಿದು ಕೂಗಿದರೆ

ಕಳೆದ ವಾರ ನಾನು ಬಾಯಿಗೆ ಕರವಸ್ತ್ರ ತುರುಕಿಕೊಂಡು ಒಂದು ವಾಲಿಬಾಲ್ ಮ್ಯಾಚ್ ನೋಡಿದೆ. ನಂಬುತ್ತೀರಾ? ನನ್ನ ಗಂಟಲು ಎಂಥದ್ದೆಂದು ವಾಡಿ ಸ್ಟೇಷನ್ನಿನ ಹಮಾಲರನ್ನು ಕೇಳಿ, ಹೇಳುತ್ತಾರೆ.

ನಾನು ವಾಡಿಯ ಸಿಮೆಂಟ್ ಕಾರ್ಖಾನೆಯ ವಾಲಿಬಾಲ್ ಟೀಮಿನ ಕೋಚ್. ನಮ್ಮಲ್ಲಿ ಆಟಗಾರರಿಗೆ ಆಟಕ್ಕೆಂದೇ ನೌಕರಿ. ಬೆಳಿಗ್ಗೆ ಪ್ಯಾಕಿಂಗ್ ವಿಭಾಗದಲ್ಲಿ ಮುಖ ತೋರಿಸಿದರೆ ಸಾಕು, ಉಳಿದ ಹೊತ್ತೆಲ್ಲ ಮೈದಾನ. ಮೊದಲ ಆರು ತಿಂಗಳು ಟೆಂಪರರಿ. ಆಮೇಲೆ ಕೋಚ್ ಚೀಟಿ ಬರೆದುಕೊಟ್ಟರೆ ಪರ್ಮನೆಂಟ್, ಇಲ್ಲವಾದರೆ ಮನೆ. (ಈ ಚೀಟಿಯ ದೆಸೆಯಿಂದ ನನಗೆ ಬೀಳುವ ನಮಸ್ಕಾರ ಒಂದೆರಡಲ್ಲ.)

ನನ್ನ ಪದ್ಧತಿ ಸರಳ. ಲೈನಿನ ಪಕ್ಕ ನಿಂತು, ಹೆಸರು ಹಿಡಿದು ಬೈಯುವುದು. ಬೈಸಿಕೊಂಡವನು ಸಿಟ್ಟನ್ನೆಲ್ಲ ಚೆಂಡಿನ ಮೇಲೆ ತೀರಿಸಿಕೊಳ್ಳುತ್ತಾನೆ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು, ನನ್ನ ಪದ್ಧತಿ ಬದಲಾಗಲಿಲ್ಲ.

ಮಕ್ಬೂಲನ ಹತ್ತಿರ ಮಾತ್ರ ಅದು ನಡೆಯಲಿಲ್ಲ. ಶಹಾಬಾದಿನವನು, ಆರಡಿ ಎತ್ತರ, ಮೊದಲು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವನು. ನಾನಿಲ್ಲದ ದಿನ ಅವನ ಸ್ಮ್ಯಾಶ್ ಎತ್ತುವವರೇ ಇಲ್ಲ ಎಂದು ಉಳಿದವರು ಹೇಳುತ್ತಿದ್ದರು. ನಾನು "ಮಕ್ಬೂಲ್!" ಎಂದು ಕೂಗಿದೆನೋ, ನಿಂತಲ್ಲೇ ಕಂಬ. ಚೆಂಡು ಪಕ್ಕದಲ್ಲೇ ಬಿದ್ದರೂ ಕದಲುತ್ತಿರಲಿಲ್ಲ. ಇದಕ್ಕೆ ಕೊಬ್ಬು ಎನ್ನದೆ ಏನೆನ್ನಲಿ? ಆರು ತಿಂಗಳು ಮುಗಿಯುತ್ತಲೇ 'ಸೋಮಾರಿ, ಬೇಡ' ಎಂದು ಬರೆದು ಆಫೀಸಿಗೆ ಕೊಟ್ಟೆ.

ಸುದ್ದಿಯನ್ನು ನಾನೇ ತಿಳಿಸುವುದು ಮರ್ಯಾದೆ ಎಂದು ಶಹಾಬಾದಿಗೆ ಹೋದೆ. ಅವನ ತಂದೆ ಇಮಾಮ್‌ಸಾಬರು ಅದೇ ಗಣಿಯಲ್ಲಿ ಮುಕಾದಮರು, ಅಂದರೆ ಕೂಲಿಗಳ ಮೇಸ್ತ್ರಿ. ಗಣಿಯ ದಂಡೆಯ ಮೇಲೆಯೇ ಸಿಕ್ಕರು.

"ಬರ್ರಿ ಸಾಹೇಬ್ರ, ಕುಂದ್ರಿ" ಎಂದು ಕಲ್ಲಿನ ಮೇಲೆ ಟವೆಲ್ ಹಾಸಿ ಚಹಾ ತರಿಸಿದರು. ಹೇಗೆ ಶುರು ಮಾಡಲಿ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಕೆಳಗೆ ಯಾರೋ "ಶರಣಪ್ಪಾ!" ಎಂದು ಕೂಗಿದರು. ಬುಟ್ಟಿ ಹೊತ್ತು ಹೋಗುತ್ತಿದ್ದವನೊಬ್ಬ ಗಕ್ಕನೆ ನಿಂತ. ತಿರುಗಿ ಸಹ ನೋಡಲಿಲ್ಲ. ಅವನಿಂದ ಎರಡೇ ಹೆಜ್ಜೆ ಮುಂದೆ ದಂಡೆಯ ಕಲ್ಲು ಕಳಚಿ ಬಿತ್ತು.

ನಾನು ಎದ್ದು ನಿಂತಿದ್ದೆ. ಇಮಾಮ್‌ಸಾಬರು ಆರಾಮಾಗಿ ಹೇಳಿದರು:

"ಖಣ್ಯಾಗ ಸುಮ್‌ಸುಮ್ಮನ ಯಾರ ಹೆಸರೂ ಒದರಂಗಿಲ್ರಿ. ಒದರಿದ್ರ ಜೀವಕ್ಕ ಬಂದದ ಅಂತ ತಿಳ್ಕೊಂಡು ನಿಂತಲ್ಲೇ ನಿಂದರಬೇಕು. ಮಕ್ಬೂಲಗೂ ಇದೇ ಕಲಿಸೀನಿ. ಮೈದಾನದಾಗ ನಿಮ್ಮ ಮಾತು ಕೇಳಾಕತ್ತಾನಿಲ್ರಿ?"

ಭಾಳ ಕೇಳುತ್ತಿದ್ದಾನೆ ಎಂದೆ. ನಾಚಿಕೆಯಾಗಿ ಚಹಾದ ಕಪ್ಪನ್ನು ಕೆಳಗಿಟ್ಟೆ. ಬಂದ ಕಾರಣ ಹೇಳದೆಯೇ ವಾಡಿಗೆ ಬಂದು, ನೆಟ್ಟಗೆ ಕಾರ್ಖಾನೆಯ ನೌಕರಿ ವಿಭಾಗದ ಆಫೀಸರರ ಮುಂದೆ ನಿಂತು ಚೀಟಿ ವಾಪಸ್ ಕೇಳಿದೆ.

"ದಿನಕ್ಕೊಂದು ಮಾತು ಆಡ್ತೀರಲ್ರಿ!" ಎಂದು ಗದರಿದರು. "ರವಿವಾರ ಸೇಡಂ ಟೀಮಿನ ಸಂಗಟ ಮ್ಯಾಚ್ ಅದ. ನಾನೇ ಬಂದು ನೋಡ್ತೀನಿ. ಆಡಿದ್ರ ಚೀಟಿ ಹರೀತೀನಿ, ಇಲ್ಲಂದ್ರ ಇಲ್ಲ."

ಕರವಸ್ತ್ರದ ಕಥೆ ಇಷ್ಟೇ. ನನ್ನ ನಾಲಗೆಯ ಮೇಲೆ ನನಗೇ ಭರವಸೆ ಇರಲಿಲ್ಲ. ಮಕ್ಬೂಲ್ ಹೊಡೆದ ಹೊಡೆತಕ್ಕೆ ಸೇಡಂನವರು ಸುಸ್ತಾದರು. ಆಫೀಸರರು ಅಲ್ಲೇ ಜೇಬಿನಿಂದ ಚೀಟಿ ತೆಗೆದು ಹರಿದರು. ನನಗೆ ಕಣ್ಣು ತುಂಬಿ ಬಂತು.

ಆದರೆ ನಮ್ಮ ಕ್ಯಾಪ್ಟನ್ ಬಸವರಾಜನ ಮುಖ ಸಪ್ಪಗಿತ್ತು. "ನನ್ನ ಮ್ಯಾಲ ಸಿಟ್ಟಾಗೀರೇನ್ರಿ ಸರ್? ನೀವು ಬೈಲಿಲ್ಲಂದ್ರ ನನಗ ಆಟಾನೇ ಹತ್ತಂಗಿಲ್ಲ" ಎಂದ. (ಇವನಿಗೆ ಬೈಗುಳ, ಅವನಿಗೆ ಮೌನ. ಇಷ್ಟು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.)

ಹೋದ ವರ್ಷ ಇದೇ 'ಸೋಮಾರಿ' ಎಂಬ ಚೀಟಿ ಬರೆದು ಇಬ್ಬರನ್ನು ಮನೆಗೆ ಕಳಿಸಿದ್ದೆ. ಇಬ್ಬರೂ ಗಣಿಯಿಂದಲೇ ಬಂದವರು. ಈಗ ಅವರ ಮನೆಗೆ ಯಾವ ಮುಖ ಹೊತ್ತು ಹೋಗಲಿ?