ಸ್ಟಿಕ್ಕರಿನ ಕೆಳಗಿನ ಸಲಿಕೆ

ಜರ್ಮನಿಯ ಪಾಪೆನ್‌ಬುರ್ಗಿನ ಐಲರ್ಟ್ ಅಂದರೆ ಊರಿಗೆಲ್ಲ ‘ಬಕಲ್ ಐಲರ್ಟ್’. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತನಾದವನು, ಮದುವೆ ಗಿದುವೆಯ ಗೋಜಿಗೇ ಹೋಗಲಿಲ್ಲ. ಅಕ್ಕ ಗೆಸಿನಾಳ ಮನೆಯ ಅಟ್ಟದ ಕೋಣೆಯೇ ಅವನ ಲೋಕ. ಅಲ್ಲಿ ಗೋಡೆ ತುಂಬ ಹಿಟ್ಲರನ ಕಾಲದ ಕಡ್ಡಾಯ ದುಡಿಮೆ ದಳದ ಬೆಲ್ಟಿನ ಬಕಲ್‌ಗಳು: ನಡುವೆ ಸಲಿಕೆ, ಅದರ ಅಲಗಿನ ಮೇಲೆ ಸ್ವಸ್ತಿಕ, ಪಕ್ಕದಲ್ಲಿ ಗೋಧಿ ತೆನೆ. “ಹಿಟ್ಲರನ ಭಕ್ತನೇನಯ್ಯಾ ನೀನು?” ಅಂತ ಯಾರಾದರೂ ಕೆಣಕಿದರೆ ಅವನಿಗೆ ಮೈಯೆಲ್ಲ ಉರಿ. ಪಾಪ, ಅವನು ಹುಡುಕುತ್ತಿದ್ದದ್ದು ಒಂದೇ ಒಂದನ್ನು, ಎಂದೋ ಕಳೆದುಹೋದ ಅಪ್ಪನದನ್ನು.

ಅಪ್ಪ ಹಿನ್ನರ್ಕ್ ಆ ದಳದಲ್ಲಿ ಜೌಗು ನೆಲಕ್ಕೆ ಕಾಲುವೆ ತೋಡಿದವನು. ಯುದ್ಧ ಮುಗಿಯುವ ಮುಂಚೆಯೇ, ಜೀವದ ಹಂಗು ತೊರೆದು, ಬಕಲ್ಲಿನ ಸ್ವಸ್ತಿಕವನ್ನು ಅರದಿಂದ ಉಜ್ಜಿ ಅಳಿಸಿದ್ದನಂತೆ. ಮನೆಯಲ್ಲಿ ಯಾರದೇ ಹುಟ್ಟುಹಬ್ಬ ಬರಲಿ, ಗೆಸಿನಾ ಇದನ್ನು ಹೇಳಿಯೇ ಹೇಳುವಳು. ಅಪ್ಪ ಮಾತ್ರ ಬದುಕಿದ್ದಷ್ಟು ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಐಲರ್ಟ್ ತಲೆಯೆತ್ತಿ ನಡೆದದ್ದು ಆ ಕತೆಯ ಬಲದಿಂದ.

ಆ ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ, ವ್ಯಾಪಾರಿ ಲುಬರ್ಟನ ಮೇಜಿನ ಮೇಲೆ ಒಂದು ಬಕಲ್ ಸಿಕ್ಕಿತು. ತಿರುಗಿಸಿದ. ಬೆನ್ನಲ್ಲಿ ಮೊಳೆಯಿಂದ ಗೀಚಿದ ಮೀನು! ಅಪ್ಪ ತನ್ನ ಸುತ್ತಿಗೆ, ಗರಗಸ, ಎಲ್ಲದರ ಮೇಲೂ ಗೀಚುತ್ತಿದ್ದ ಅದೇ ಬಾಲವಿಲ್ಲದ ಮೀನು. ಮುಂಭಾಗದಲ್ಲಿ, ಸಲಿಕೆಯ ಮೇಲೆ, ಕೆಂಪು ಸ್ಟಿಕ್ಕರ್.

“ಲುಬರ್ಟ್, ಇದರ ಕೆಳಗೆ ಸ್ವಸ್ತಿಕ ಇದೆಯೇನೋ?”

“ಯಾವನಿಗ್ಗೊತ್ತು ಮಾರಾಯ! ಸ್ವಸ್ತಿಕ ತೋರಿಸೋದು ಕಾನೂನಿಗೆ ವಿರುದ್ಧ, ಪೊಲೀಸರು ಬರ್ತಾರೆ ಅಂತ ಕಣ್ಮುಚ್ಚಿ ಎಲ್ಲಕ್ಕೂ ಅಂಟಿಸ್ತೀನಿ. ಹೋದ ವಾರ ಒಂದು ಕಾಫಿ ಡಬ್ಬಿಗೂ ಅಂಟಿಸಿಬಿಟ್ಟಿದ್ದೆ. ಇಲ್ಲಿ ಮಾತ್ರ ಕೀಳಬೇಡಪ್ಪಾ!”

ಬಕಲ್ ಕೊಂಡು ಸೈಕಲ್ ತುಳಿಯುತ್ತಾ ಹೊರಟ ಐಲರ್ಟನ ತಲೆ ಗೊಂದಲದ ಗೂಡಾಯಿತು. ಸ್ಟಿಕ್ಕರ್ ಇದೆ ಅಂದರೆ ಸ್ವಸ್ತಿಕ ಇರಬೇಕು. ಆದರೆ ಡಬ್ಬಿಗೂ ಅಂಟಿಸುವ ಪುಣ್ಯಾತ್ಮನನ್ನು ನಂಬುವುದು ಹೇಗೆ? ತನ್ನ ಮನೆಯ ತಿರುವನ್ನೇ ದಾಟಿ ಮುಂದೆ ಹೋಗಿ ವಾಪಸು ಬಂದ.

ಗೆಸಿನಾ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸುತ್ತಿದ್ದಳು. ಅವನು ಮುಂದಿಟ್ಟ ಬಕಲ್ಲಿನ ಬೆನ್ನ ಮೇಲಿನ ಮೀನು ನೋಡಿದ್ದೇ ಅವಳ ಕೈ ನಿಂತಿತು.

“ಕೀಳಬೇಡ್ವೋ. ಹಾಗೇ ಗೋಡೆಗೆ ಹಾಕು.”

“ನೀನೇ ಅಲ್ವೇನಕ್ಕ ಹೇಳಿದ್ದು, ಅಳಿಸಿದ್ದಾನೆ ಅಂತ? ಮತ್ಯಾಕೆ ಹೆದರ್ತೀಯಾ?”

“ನನಗೂ ಅಮ್ಮ ಹೇಳಿದ್ದೇ ಕಣೋ. ನಾನೇನು ಕಣ್ಣಾರೆ ಕಂಡಿದ್ನಾ!” ಅಂದವಳೇ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತಳು.

ಐಲರ್ಟ್ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದ. ಸ್ವಸ್ತಿಕ ಇತ್ತು. ಅದರ ಒಂದು ಕೈಯ ಮೇಲೆ ಮಾತ್ರ ಅರ ಒಂದೇ ಸಲ ಎಳೆದ ಗೀರು. ಕೆಲಸ ಅಲ್ಲಿಗೇ ನಿಂತಿತ್ತು. ಯಾರಾದರೂ ಬಂದುಬಿಟ್ಟರೇ? ಹೆದರಿದನೇ? ಇಲ್ಲಾ, ಅಳಿಸಲು ಮನಸ್ಸೇ ಬರಲಿಲ್ಲವೇ? ಅಯ್ಯೋ, ಒಂದು ಮಾತು ಹೇಳಿ ಸಾಯಬಾರದಿತ್ತೇ ಈ ಅಪ್ಪ!

“ಅಳಿಸಿದ್ದಾನೆ ತಾನೇ?” ತಿರುಗದೆಯೇ ಕೇಳಿದಳು ಗೆಸಿನಾ.

“ಶುರು ಮಾಡಿದ್ದ, ಅಕ್ಕಾ.”

ಐಲರ್ಟ್ ಸ್ಟಿಕ್ಕರನ್ನು ಮತ್ತೆ ಅಂಟಿಸಲು ನೋಡಿದ, ಅಂಟಲಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದುಕೊಂಡೇ ಕೂತ.